ಗುಡ್ಡದ ಆಚೆಯ ಅಗ್ಗದ ಕೋಣೆ

ಮೂರು ರಾತ್ರಿಗೆ ನಾಲ್ಕು ಸಾವಿರದ ಎಂಟುನೂರು ರೂಪಾಯಿ, ಬೆಳಗಿನ ತಿಂಡಿ ಸೇರಿ. ಡೊಂಬಿವಲಿಯಲ್ಲಿ ಮದುವೆ ಹಾಲಿನ ಎದುರಿಗೇ ಇರುವ ಹೋಟೆಲಿನವನು ಹೆಚ್ಚುಕಡಿಮೆ ಇದರ ದುಪ್ಪಟ್ಟು ಕೇಳಿದ್ದ. ಮದುವೆ ಸೀಸನ್ ಅಂದ. ಠಾಣೆಯ ಕೆರೆ ದಂಡೆಯವನು ಇನ್ನೂ ಮೇಲೆ ಹೋಗಿ, ಕೆರೆ ಕಾಣುವ ಕಿಟಕಿಗೆ ಬೇರೆ ದರ ಅಂದ. ನೀರು ನೋಡುವುದಕ್ಕೆ ದುಡ್ಡು ಕೊಡುವವನು ನಾನಲ್ಲ. ರಾಣೆಬೆನ್ನೂರಿನಲ್ಲಿ ನನ್ನದೊಂದು ಸ್ಟೀಲ್ ಪಾತ್ರೆ ಅಂಗಡಿ ಇದೆ. ಅದಕ್ಕೂ ಮೊದಲು ಸೈಕಲ್ಲಿನ ಮೇಲೆ ಹಳ್ಳಿ ಹಳ್ಳಿ ತಿರುಗಿ ಹಳೆ ಸೀರೆಗೆ ಹೊಸ ಪಾತ್ರೆ ಕೊಡುತ್ತಿದ್ದೆ. ಚೌಕಾಸಿ ನನಗೆ ಯಾರೂ ಕಲಿಸಿದ್ದಲ್ಲ, ಹೊಟ್ಟೆ ಕಲಿಸಿದ್ದು. ಹಾಗಾಗಿ ಫೋನಿನಲ್ಲೇ ಎಳೆದಾಡಿ, ನವಿ ಮುಂಬಯಿಯ ಘಣಸೋಲಿಯಲ್ಲಿ ಈ ಕೋಣೆ ಹಿಡಿದೆ. ಪೂರ್ತಿ ಹಣ ಮುಂಗಡ ಕೊಟ್ಟರೆ ತಿಂಡಿ ಪುಕ್ಕಟೆ ಎಂದ. ಕೊಟ್ಟೆ.

ನಕ್ಷೆ ನೋಡದೆ ಕೊಟ್ಟೆನೆಂದು ತಿಳಿಯಬೇಡಿ. ಫೋನಿನ ನಕ್ಷೆಯಲ್ಲಿ ಘಣಸೋಲಿ ಇಲ್ಲಿ, ಡೊಂಬಿವಲಿ ಅಲ್ಲಿ, ನಡುವೆ ಎರಡು ಬೆರಳಿನ ಅಂತರ. ಆ ಎರಡು ಬೆರಳಿನ ಜಾಗಕ್ಕೆ ಹಸಿರು ಬಣ್ಣ ಬಳಿದಿತ್ತು. ದೊಡ್ಡ ಪಾರ್ಕು ಇರಬೇಕು ಅಂದುಕೊಂಡೆ.

ಅದು ಗುಡ್ಡ.

ಹೋಗಿದ್ದೇಕೆಂದು ಹೇಳಿಬಿಡುತ್ತೇನೆ. ಸುಮಂಗಲಾ ನನ್ನ ಒಬ್ಬಳೇ ತಂಗಿ, ಮದುವೆಯಾದಾಗಿನಿಂದ ಡೊಂಬಿವಲಿಯಲ್ಲಿದ್ದಾಳೆ. ಅವಳ ಒಬ್ಬಳೇ ಮಗಳು ಅಶ್ವಿನಿಯ ಮದುವೆ. ವರ ಬದಲಾಪುರದ ಮರಾಠಿ ಹುಡುಗ. ಭಾಷೆ ಬೇರೆ, ಊಟ ಬೇರೆ, ಆದರೆ ನಮ್ಮಲ್ಲೂ ಅವರಲ್ಲೂ ಒಂದು ಪದ್ಧತಿ ಒಂದೇ: ಮದುಮಗಳ ಕೈ ಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ. ವಧೂವರರ ನಡುವಿನ ಅಂತರಪಟ ಸರಿಯುವವರೆಗೂ ಅವಳ ಬೆನ್ನ ಹಿಂದೆ ನಿಲ್ಲುವವನೂ ಅವನೇ. ತವರಿನ ಕಡೆಯಿಂದ ಸುಮಂಗಲಾಳಿಗೆ ಉಳಿದವರು ನಾನು ಮತ್ತು ನನ್ನ ಹೆಂಡತಿ ಗಿರಿಜಾ, ಅಷ್ಟೇ. ಈ ಒಂದು ಕೆಲಸಕ್ಕಾಗಿ ಅಂಗಡಿಗೆ ಬೀಗ ಹಾಕಿ, ಮಂಟಪದಲ್ಲಿ ಹಚ್ಚಲೆಂದು ಒಂದು ಜೊತೆ ಹಿತ್ತಾಳೆ ದೀಪದ ಕಂಬಗಳನ್ನು ಹಳೆ ಚಾದರದಲ್ಲಿ ಸುತ್ತಿಕೊಂಡು, ಹೊರಟೆವು. ಗಿರಿಜಾಳಿಗೆ ಹುಬ್ಬಳ್ಳಿ ದಾಟಿದರೆ ಎಲ್ಲವೂ ಪರದೇಶವೇ. ಉಪ್ಪಿನಕಾಯಿ, ಚಟ್ನಿಪುಡಿ, ಕುಡಿಯುವ ನೀರು ಎಲ್ಲ ಕಟ್ಟಿಕೊಂಡಿದ್ದಳು.

ಕಲ್ಯಾಣ

ಬೆಳಿಗ್ಗೆ ರೈಲು ನಮ್ಮನ್ನು ಕಲ್ಯಾಣದಲ್ಲಿ ಇಳಿಸಿತು. ಅಲ್ಲಿಂದ ಡೊಂಬಿವಲಿ ಎಂದರೆ, ಲೋಕಲ್ ಟ್ರೇನಿನಲ್ಲಿ ಒಂದು ಸ್ಟೇಶನ್ ಬಿಟ್ಟರೆ ಮುಂದಿನದು. ನಮ್ಮ ಹೋಟೆಲು ಎಲ್ಲಿ? ಡೊಂಬಿವಲಿ ದಾಟಿ, ದಿವಾ ದಾಟಿ, ಮುಂಬ್ರಾ ದಾಟಿ, ಠಾಣೆಯಲ್ಲಿ ಇಳಿದು, ಸೇತುವೆ ಹತ್ತಿ, ಬೇರೆ ಲೈನಿನ ಗಾಡಿ ಹಿಡಿದು, ಗುಡ್ಡವನ್ನು ಸುತ್ತಿ ಹಿಂದಕ್ಕೆ ಬರಬೇಕು. ಹಿಂದಿನ ಬಾಗಿಲಿಂದ ಅಡುಗೆಮನೆಗೆ ಹೋಗಲು ಊರೆಲ್ಲ ಪ್ರದಕ್ಷಿಣೆ ಹಾಕಿದ ಹಾಗೆ.

ಲೋಕಲ್ಲಿನಲ್ಲಿ ನಿಂತ ನಮ್ಮ ಕಣ್ಣ ಮುಂದೆಯೇ ಡೊಂಬಿವಲಿ ಬಂತು, ಹೋಯಿತು. ಬಾಗಿಲ ಬಳಿ ಹಿತ್ತಾಳೆ ಕಂಬಗಳನ್ನು ಎದೆಗವಚಿಕೊಂಡು ನಿಂತಿದ್ದ ನನ್ನನ್ನು, ಇಳಿಯುವವರೆಲ್ಲ ಒಂದೊಂದು ಮಾತಿನಿಂದ ಸತ್ಕರಿಸಿದರು. ಗಿರಿಜಾ ಹೆಂಗಸರ ಡಬ್ಬಿಗೆ ಹೋಗಲೊಲ್ಲದೆ ನನ್ನ ಜೊತೆಗೇ ಹತ್ತಿದ್ದಳು.

"ರೀ, ಈಗ ಹೋತಲ್ಲ, ಅದ ಏನ್ರಿ ಸುಮಾನ ಊರು?"

"ಹೂಂ."

"ಮತ್ತ ನಾವು ಯಾಕ ಇಳೀಲಿಲ್ಲ?"

ಉತ್ತರ ನನ್ನ ಬಳಿ ಇತ್ತು. ದಿನಕ್ಕೆ ಸಾವಿರದ ಮೇಲೆ ಉಳಿತಾಯ. ಆದರೆ ಅಷ್ಟು ಜನರ ಮೊಣಕೈಗಳ ನಡುವೆ ಆ ಉತ್ತರ ಸರಿಯಾಗಿ ಕೇಳಿಸುವಂತಿರಲಿಲ್ಲ.

ಘಣಸೋಲಿ

ಹೋಟೆಲಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅದೂ ಅವನಿಗೆ ಒಂದು ಜಾಹೀರಾತು. ಫೋಟೋದಲ್ಲಿ ಅಗಲವಾದ ಕಿಟಕಿ ಇತ್ತು, ಕೋಣೆಯಲ್ಲೂ ಇತ್ತು. ತೆರೆದರೆ ಪಕ್ಕದ ಕಟ್ಟಡದ ಗೋಡೆ, ಕೈಚಾಚಿದರೆ ಸುಣ್ಣ ಅಂಟುತ್ತದೆ. ಎ.ಸಿ. ಇತ್ತು, ಅದರ ರಿಮೋಟು ಇರಲಿಲ್ಲ. ಕೆಳಗೆ ಹೋಗಿ ಕೇಳಿದೆ. ಕೌಂಟರಿನಲ್ಲಿದ್ದ ಮ್ಯಾನೇಜರು ಫೋನಿನಿಂದ ಕಣ್ಣೆತ್ತದೆ, "ರಿಮೋಟ್ ಕಾ ಅಲಗ್ ಚಾರ್ಜ್ ಹೈ ಅಂಕಲ್" ಅಂದ.

ಬುಕ್ಕಿಂಗಿನಲ್ಲಿ ಎ.ಸಿ. ಎಂದಿದೆಯಲ್ಲ ಎಂದು ನನಗೆ ಬರುವ ಹಿಂದಿಯಲ್ಲಿ ಕೇಳಿದೆ.

"ಎ.ಸಿ. ಹೈ ನಾ ರೂಮ್ ಮೇ," ಅಂದ.

ನಲವತ್ತು ವರ್ಷ ವ್ಯಾಪಾರ ಮಾಡಿದ್ದೇನೆ, ಕುಕ್ಕರ್ ಮಾರಿ ಸೀಟಿಗೆ ಬೇರೆ ದುಡ್ಡು ಕೇಳುವ ಬುದ್ಧಿ ನನಗೆ ಯಾವತ್ತೂ ಹೊಳೆದಿಲ್ಲ. ನಮ್ಮ ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನ ಲಾಡ್ಜಿನವನೇ ವಾಸಿ. "ರಸ್ತೆ ಕಡೆ ಕೋಣೆ ಬ್ಯಾಡ್ರಿ, ಬಸ್ಸಿನ ಹಾರನ್ನಿಗೆ ನಿದ್ದಿ ಬರಂಗಿಲ್ಲ" ಎಂದು ತಾನೇ ಹೇಳಿ ಹಿಂದಿನ ಕೋಣೆ ಕೊಡುತ್ತಾನೆ. ಫೋಟೋ ಇಲ್ಲ, ನಕ್ಷತ್ರ ಇಲ್ಲ, ಬಾಯಿ ಇದೆ. ಇಲ್ಲಿ ಎಲ್ಲ ಇದೆ, ಅದೊಂದು ಬಿಟ್ಟು.

ಪುಕ್ಕಟೆ ತಿಂಡಿಯ ಸಂಗತಿ ಕೇಳಿ. ಒಂದು ಸಣ್ಣ ತಟ್ಟೆ ಒಗ್ಗರಣೆ ಅವಲಕ್ಕಿ, ಇಬ್ಬರಿಗೆ. ಇನ್ನೊಂದು ತಟ್ಟೆಗೆ? ಅಲಗ್ ಚಾರ್ಜ್. ಗಿರಿಜಾ ಚಟ್ನಿಪುಡಿಯ ಡಬ್ಬಿ ತೆಗೆದು ಮೇಜಿನ ಮೇಲೆ ಕುಕ್ಕಿದಳು. ಮೇಜಿಗೆ ಚಾರ್ಜ್ ಹಾಕಲಿಲ್ಲ ಎಂಬುದೇ ಪುಣ್ಯ.

ಆದರೂ ಆ ದಿನ ನನ್ನ ಸಿಟ್ಟು ಇಷ್ಟೇ ಇತ್ತು, ಇಂಥವಕ್ಕೆ ನಾನು ಹೆದರುವವನಲ್ಲ. ಅಗ್ಗದ ಪಾತ್ರೆ ಕೊಂಡವನು ತಳ ತೆಳ್ಳಗಿದೆ ಎಂದು ಅಳಬಾರದು. ಕೋಣೆಗೆ ಬರುವುದು ಮಲಗಲಿಕ್ಕೆ, ಅಷ್ಟೇ ತಾನೆ?

ಡೊಂಬಿವಲಿ

ಮರುದಿನ ಶನಿವಾರ, ಅರಿಶಿನದ ಶಾಸ್ತ್ರ. ಸುಮಂಗಲಾಳ ಮನೆ ಎರಡು ಕೋಣೆಯದು. ಅದರಲ್ಲಿ ಅವಳ ಅತ್ತೆ, ನಾದಿನಿಯರು, ಅವರ ಮಕ್ಕಳು ಎಲ್ಲ ಈಗಾಗಲೇ ಸಾಲಾಗಿ ಹಾಸಿಕೊಂಡಿದ್ದರು. ನಾವು ಮಲಗಲು ಜಾಗ ಇರಲಿಲ್ಲವೆಂಬುದು ನಿಜ. ಅವಳಿಗೂ ಗೊತ್ತು. ಆದರೂ ಬಾಗಿಲಲ್ಲೇ ಹಿಡಿದಳು.

"ತಂಗಿ ಮನಿ ಇಟಗೊಂಡು ಹೋಟೆಲ್ಲಿಗೆ ಹೋದಿ. ಹೋಗ್ಲಿ, ಇದ ಊರಾಗರ ಒಂದು ಹಿಡೀಬಾರದಿತ್ತೇನಣ್ಣಾ?"

"ಇಲ್ಲೇ ಐತವ್ವಾ, ಗುಡ್ಡದ ಆ ಕಡೆ."

"ಗುಡ್ಡದ ಆ ಕಡೆ ಅಂದ್ರ ಇಲ್ಲೆ ಅಲ್ಲ. ಅದು ಬ್ಯಾರೆ ಊರು."

ಆಗ ಎದುರುಮನೆಯ ಬಾಗಿಲು ತೆಗೆದು ಸದಾನಂದ ಶೆಟ್ಟರು ಬಂದರು. ಉಡುಪಿ ಕಡೆಯವರು, ಒಂದು ಕಂಪನಿಯ ಕ್ಯಾಂಟೀನು ನಡೆಸುತ್ತಾರೆ. ಅಶ್ವಿನಿ ತೊಟ್ಟಿಲಲ್ಲಿದ್ದಾಗಿನಿಂದ ನೆರೆಯವರು. ಹೆಂಡತಿ ಮಗಳ ಬಾಣಂತನಕ್ಕೆಂದು ಊರಿಗೆ ಹೋಗಿದ್ದರಿಂದ ಅವರ ಮನೆಯ ಒಂದು ಕೋಣೆ ಖಾಲಿ ಇತ್ತು. ನಾವು ಹೊರಡುವ ಮೊದಲೇ ಅದನ್ನು ನಮಗೆ ಕೊಡುತ್ತೇನೆಂದು ಸುಮಂಗಲಾಳ ಮೂಲಕ ಹೇಳಿ ಕಳಿಸಿದ್ದರು. ನಾನು ಬೇಡ ಎಂದಿದ್ದೆ. ವ್ಯಾಪಾರದಲ್ಲಿ ನನ್ನದೊಂದು ನಿಯಮವಿದೆ: ಪುಕ್ಕಟೆ ಬಂದದ್ದೇ ಎಲ್ಲಕ್ಕಿಂತ ದುಬಾರಿ. ಋಣಕ್ಕೆ ದರಪಟ್ಟಿ ಇರುವುದಿಲ್ಲ.

"ಎಂತ ಮಾರಾಯ್ರೆ, ನಾನು ಇಲ್ಲಿ ಕೀಲಿ ಹಿಡ್ಕೊಂಡು ಕೂತಿದ್ದೇನೆ, ನೀವು ಘಣಸೋಲಿಗೆ ಹೋಗಿ ಕೂತದ್ದಾ?" ಎಂದು ನಕ್ಕರು. "ಈಗಲೂ ಆಗ್ತದೆ. ಸಂಜೆ ಹೋಗಿ ಸಾಮಾನು ತನ್ನಿ. ನಿಮ್ಮ ಮರ್ಯಾದೆಗೆ ಕಡಿಮೆ ಆಗುವುದಾದ್ರೆ ಬಾಡಿಗೆ ಕೊಡಿ, ನಾನು ಬೇಡ ಹೇಳುದಿಲ್ಲ."

ಗಿರಿಜಾ ನನ್ನ ಮುಖ ನೋಡಿದಳು. ನಾನು ಮೂರು ರಾತ್ರಿಯ ಮುಂಗಡ ನೆನೆದೆ. ಬಿಟ್ಟುಬಂದರೆ ಒಂದು ಪೈಸೆ ವಾಪಸಿಲ್ಲ ಎಂದು ಆ ಮ್ಯಾನೇಜರು ಮೊದಲೇ ಹೇಳಿದ್ದ. ಆ ಮನುಷ್ಯನಿಗೆ ಎರಡು ರಾತ್ರಿಯ ಬಾಡಿಗೆಯನ್ನು, ಖಾಲಿ ಕೋಣೆಗೆ, ದಾನ ಮಾಡುವುದೇ? ಅವನ ರಿಮೋಟಿಗೆ?

"ಇರಲಿ ಬಿಡ್ರಿ ಶೆಟ್ರ. ಕೊಟ್ಟ ರೊಕ್ಕ ಯಾಕ ಬಿಡೂದು. ನಾಳೆ ಹೊತ್ತಿಗೆ ಸರಿಯಾಗಿ ಬರ್ತೀವಿ."

"ನಾಳೆ ಆದಿತ್ಯವಾರ ಮಾರಾಯ್ರೆ. ಬೇಗ ಹೊರಡಿ ಆಯ್ತಾ?"

ಅಶ್ವಿನಿಯೂ ಅದನ್ನೇ ಹೇಳಿದಳು. ಅವಳಿಗೆ ಕನ್ನಡ ಚೆನ್ನಾಗಿ ತಿಳಿಯುತ್ತದೆ, ಬಾಯಿಂದ ಬರುವುದು ಮಾತ್ರ ಬೇರೆ. ಮುಖವೆಲ್ಲ ಅರಿಶಿನ ಮೆತ್ತಿಕೊಂಡು, "ಮಾಮಾ, ಉದ್ಯಾ ಸಂಡೇ ಆಹೇ ಹಾಂ. ಲವಕರ್ ನಿಘಾ," ಅಂದಳು. ನಾಳೆ ಸಂಡೇ, ಬೇಗ ಹೊರಡಿ. ನಾನು ತಲೆಯಾಡಿಸಿದೆ. ಭಾನುವಾರವೆಂದರೆ ಜನ ಕಡಿಮೆ, ಗಾಡಿ ಖಾಲಿ ಎಂದುಕೊಂಡೆ. ರಾಣೆಬೆನ್ನೂರಿನಲ್ಲಿ ಹಾಗೆಯೇ.

ಆ ಊರಿನವರ ಅಭ್ಯಾಸವೇ ಇದು. ಅರ್ಧ ಮಾತು ಹೇಳುತ್ತಾರೆ, ಉಳಿದರ್ಧ ಎಲ್ಲರಿಗೂ ಗೊತ್ತಿರುತ್ತದೆ ಎಂದು ತಿಳಿದಿರುತ್ತಾರೆ.

ಘಣಸೋಲಿ, ಭಾನುವಾರ

ನಡುಹಗಲಿನ ಮುಹೂರ್ತ. ಬೇಕಾದದ್ದಕ್ಕಿಂತ ಹೆಚ್ಚೇ ಸಮಯ ಇಟ್ಟುಕೊಂಡು ಹೊರಟಿದ್ದೆವು. ಗಿರಿಜಾ ಇಳಕಲ್ ಸೀರೆ ಉಟ್ಟಿದ್ದಳು, ನಾನು ಹೊಸ ಜರತಾರಿ ಶಲ್ಯ ಹೊದ್ದಿದ್ದೆ, ಕಂಕುಳಲ್ಲಿ ದೀಪದ ಕಂಬಗಳು. ಸ್ಟೇಶನ್ನಿನಲ್ಲಿ ಟಿಕೆಟ್ ಕಿಟಕಿಯ ಮುಂದೆ ಜನ ಇರಲಿಲ್ಲ. ನೋಡಿದೆಯಾ, ಭಾನುವಾರ, ಎಂದು ಗಿರಿಜಾಳಿಗೆ ಹೇಳಿದೆ. ಪ್ಲಾಟ್‌ಫಾರ್ಮಿನಲ್ಲೂ ಜನ ಇರಲಿಲ್ಲ. ರೈಲೂ ಇರಲಿಲ್ಲ.

ಕಾದೆವು. ಬೆಂಚಿನ ಮೇಲೆ ಕಾಲು ಚಾಚಿ ಕುಳಿತಿದ್ದ ಒಬ್ಬ ಮುದುಕನನ್ನು ಠಾಣೆಯ ಗಾಡಿ ಯಾವಾಗ ಎಂದು ಕೇಳಿದೆ. ಅವನು ನನ್ನ ಶಲ್ಯವನ್ನೂ ಚಾದರದ ಗಂಟನ್ನೂ ನೋಡಿ, "ಸಂಡೇ ಹೈ ನಾ ಭಾಯ್. ಮೆಗಾ ಬ್ಲಾಕ್," ಅಂದ.

ಮೆಗಾ ಬ್ಲಾಕ್ ಎಂದರೆ, ಭಾನುವಾರ ಒಂದೊಂದು ಕಡೆ ಹಳಿ ರಿಪೇರಿಗೆಂದು ಗಾಡಿಗಳನ್ನು ಗಂಟೆಗಟ್ಟಲೆ ನಿಲ್ಲಿಸುವುದು. ಅಲ್ಲಿ ಹುಟ್ಟಿದ ಮಗುವಿಗೂ ಅದು ಗೊತ್ತು. ಪೇಪರಿನಲ್ಲಿ ಬರುತ್ತದಂತೆ. ನಮ್ಮ ಹೋಟೆಲಿನಲ್ಲಿ ಪೇಪರು ಎಲ್ಲಿತ್ತು? ಕೇಳಿದ್ದರೆ ಅದಕ್ಕೂ ಅಲಗ್ ಚಾರ್ಜ್ ಅನ್ನುತ್ತಿದ್ದ. ನಮ್ಮೂರಿನಲ್ಲಿ ನಾಳೆ ನಳ ಬರುವುದಿಲ್ಲವೆಂದರೆ ನೀರು ಬಿಡುವ ಹುಡುಗ ಓಣಿ ತುಂಬ ಕೂಗಿಕೊಂಡು ಹೋಗುತ್ತಾನೆ. ಒಂದಿಡೀ ರೈಲು ನಿಲ್ಲಿಸುತ್ತೀರಿ, ಸ್ಟೇಶನ್ನಿನ ಬಾಗಿಲಲ್ಲಿ ಒಬ್ಬನನ್ನು ಕೂಗಲು ನಿಲ್ಲಿಸಬಾರದೇ?

"ಮುದುಕನ ಮ್ಯಾಲೆ ಯಾಕ ಚೀರ್ತೀರಿ," ಎಂದಳು ಗಿರಿಜಾ. "ಗಾಡಿ ಮಾಡ್ರಿ."

ಶೀಳ್ ಫಾಟಾ

ಟ್ಯಾಕ್ಸಿಯವನು ಹೇಳಿದ ದರವನ್ನು ನಾನು ಚೌಕಾಸಿ ಮಾಡಲಿಲ್ಲ. ಮದುವೆಯಾದಾಗಿನಿಂದ ಗಿರಿಜಾ ಅದನ್ನು ನೋಡಿದ್ದು ಅದೇ ಮೊದಲು. ಸೀರೆಯ ನಿರಿಗೆ ಹಿಡಿದು ಒಳಗೆ ಕುಳಿತಳು.

ಗುಡ್ಡ ಹತ್ತುವವರೆಗೆ ಸುಖವಾಗಿ ಹೋಯಿತು. ಇಳಿಜಾರಿನಲ್ಲಿ ದೂರಕ್ಕೆ ಡೊಂಬಿವಲಿ ಕಡೆಯ ಎತ್ತರದ ಕಟ್ಟಡಗಳು ಕಂಡವು. ಬಂದೇಬಿಟ್ಟೆವು ಎಂದು ಸುಮಂಗಲಾಳಿಗೆ ಫೋನು ಮಾಡಿದೆ. ಶೀಳ್ ಫಾಟಾದ ಕೂಡುರಸ್ತೆಯಲ್ಲಿ ನಿಂತೆವು ನೋಡಿ. ಮುಂದೆ ಕಂಟೇನರ್ ಲಾರಿ, ಹಿಂದೆ ಕಂಟೇನರ್ ಲಾರಿ, ಎಡಕ್ಕೆ ಅಗೆದು ಬಿಟ್ಟ ರಸ್ತೆ, ಬಲಕ್ಕೆ ನಮ್ಮ ಹಾಗೆಯೇ ಶಲ್ಯ ಹೊದ್ದು ಬೆವರುತ್ತಿರುವ ಇನ್ನೊಂದು ಮದುವೆಯ ದಿಬ್ಬಣ. ಡ್ರೈವರು ಇಂಜಿನ್ ಆರಿಸಿ, ಬಾಗಿಲು ತೆರೆದು, ತಂಬಾಕು ತಿಕ್ಕತೊಡಗಿದ. ಆ ನೆಮ್ಮದಿ ನೋಡಿ ನನ್ನ ಮೈ ಉರಿಯಿತು.

ಸುಮಂಗಲಾಳಿಂದ ಫೋನು. "ಎಲ್ಲಿ ಅದಿ ಅಣ್ಣಾ?"

"ಇಲ್ಲೇ, ಬಂದೆ."

ಸ್ವಲ್ಪ ಹೊತ್ತಿಗೆ ಮತ್ತೆ. "ಅಣ್ಣಾ, ಭಟ್ಟರು ಅವಸರ ಮಾಡಾಕತ್ತಾರ. ಹಿಂದ ಇನ್ನೊಂದು ಮದಿವಿಗೆ ಹಾಲ್ ಕೊಟ್ಟಾರಂತ."

"ಬಂದೆ ಸುಮಾ. ಕಟ್ಟಡ ಕಾಣಾಕತ್ತಾವ."

ಸುಳ್ಳಲ್ಲ, ಕಾಣುತ್ತಿದ್ದವು. ಇಳಿದು ನಡೆದುಬಿಡೋಣವೆಂದು ಬಾಗಿಲು ತೆಗೆದೆ. ಡ್ರೈವರು ನನ್ನನ್ನೂ, ನನ್ನ ಕಂಕುಳಿನ ಹಿತ್ತಾಳೆಯನ್ನೂ, ರಸ್ತೆಯ ಬಿಸಿಲನ್ನೂ ಒಟ್ಟಿಗೆ ನೋಡಿ, "ಬೈಠೋ ಚಾಚಾ, ದೂರ್ ಹೈ," ಅಂದ.

ಮೂರನೆಯ ಸಲ ಫೋನು ಬಂದಾಗ ಸುಮಂಗಲಾ ಮಾತಾಡಲಿಲ್ಲ. ಒತ್ತಿ ಹಾಗೆಯೇ ಹಿಡಿದಿದ್ದಳೆಂದು ಕಾಣುತ್ತದೆ. ಹಾಲಿನ ಗದ್ದಲ, ಶಹನಾಯಿಯ ರೆಕಾರ್ಡು, ಅದರ ಮೇಲೆ ಮೈಕಿನಲ್ಲಿ ಭಟ್ಟರ ಧ್ವನಿ:

"ಮುಲೀಚೇ ಮಾಮಾ ಕುಠೇ ಆಹೇತ? ಮುಲೀಚ್ಯಾ ಮಾಮಾಂನೀ ಮುಲೀಲಾ ಘೇಊನ ಯಾವೇ."

ಹುಡುಗಿಯ ಮಾವ ಎಲ್ಲಿದ್ದಾರೆ, ಹುಡುಗಿಯನ್ನು ಕರೆದುಕೊಂಡು ಬರಲಿ. ಡ್ರೈವರಿಗೂ ಕೇಳಿಸಿತು. ಅವನು ತಂಬಾಕು ತಿಕ್ಕುವುದನ್ನು ನಿಲ್ಲಿಸಿ ಹಿಂದೆ ತಿರುಗಿದ.

"ಮಾಮಾ ಕೌನ್ ಹೈ?"

"ಮೈ ಹೂಂ," ಅಂದೆ.

ಅವನು ತಂಬಾಕನ್ನು ಹೊರಗೆ ಚೆಲ್ಲಿ, ಇಂಜಿನ್ ಹಚ್ಚಿ, ಹಾರನ್ನಿನ ಮೇಲೆ ಕೈ ಇಟ್ಟವನು ತೆಗೆಯಲೇ ಇಲ್ಲ. ಮುಂದಿನ ಲಾರಿ ಒಂದು ಗೇಣೂ ಸರಿಯಲಿಲ್ಲ. ಫೋನಿನಲ್ಲಿ ಅಶ್ವಿನಿಯ ಧ್ವನಿ ಬಂತು, "ಮಾಮಾ ಯೇತೋಯ್, ಥೋಡಂ ಥಾಂಬಾ." ಮಾವ ಬರ್ತಿದ್ದಾನೆ, ಸ್ವಲ್ಪ ತಡೀರಿ. ಇನ್ನೂ ಒಂದು ಸಲ ಭಟ್ಟರು ಕೂಗಿದರು. ಆಮೇಲೆ ಮಂಗಲಾಷ್ಟಕ ಶುರುವಾಯಿತು. ಗಿರಿಜಾ ನನ್ನ ಕೈಯಿಂದ ಫೋನು ತೆಗೆದುಕೊಂಡು ಕಿವಿಗೆ ಹಿಡಿದಳು. ಅವಳು ಪೂರ್ತಿ ಕೇಳಿದಳು. ನಾನು ಕೇಳಲಿಲ್ಲ.

ಡೊಂಬಿವಲಿ, ಮತ್ತೆ

ನಾವು ಹಾಲಿನೊಳಗೆ ಕಾಲಿಟ್ಟಾಗ ಜನ ಕೈತೊಳೆದು ಬೀಡಾ ಹಾಕಿಕೊಳ್ಳುತ್ತಿದ್ದರು. ವರನ ತಂದೆ ಎದುರಾದರು. "ಟ್ರಾಫಿಕ್ ಹೋತಾ ಕಾ?" ಟ್ರಾಫಿಕ್ ಇತ್ತೇ, ಎಂದರು. ಹೌದೆಂದೆ. ಸುತ್ತಲಿದ್ದವರೆಲ್ಲ ಗೋಣು ಹಾಕಿದರು. ಮುಗಿಯಿತು. ಆ ಊರಿನಲ್ಲಿ ಟ್ರಾಫಿಕ್ ಎಂದರೆ ಸಾಕು, ಕೊಲೆಗೂ ಕ್ಷಮೆ ಸಿಗಬಹುದು. ನಮ್ಮ ಕಡೆಯಾಗಿದ್ದರೆ ಹತ್ತು ಜನ ಹಿರಿಯರು ಸೇರಿ ನನ್ನನ್ನು ನಿಲ್ಲಿಸಿ ಬೈಯುತ್ತಿದ್ದರು. ಬೈಸಿಕೊಂಡಿದ್ದರೆ ನನಗೂ ಹಗುರಾಗುತ್ತಿತ್ತು.

ಸುಮಂಗಲಾಳಾದರೂ ಬೈಯುತ್ತಾಳೆಂದು ನೋಡಿದೆ. ಅವಳು ನನ್ನ ಕಂಕುಳಿನಿಂದ ಗಂಟು ತೆಗೆದುಕೊಂಡು ಗೋಡೆಗೆ ಒರಗಿಸಿದಳು.

"ಊಟ ಮಾಡ್ರಿ ಮೊದ್ಲ. ಬಿಸಿಲಾಗ ಬಂದೀರಿ."

ಇಷ್ಟೇ. ಮಂಟಪದಲ್ಲಿ ಹಾಲಿನವರ ಪ್ಲಾಸ್ಟಿಕ್ ದೀಪಗಳು ಕರೆಂಟಿನಲ್ಲಿ ಮಿನುಗುತ್ತಿದ್ದವು.

ಮಾವನಾಗಿ ನಿಂತವರು ಸದಾನಂದ ಶೆಟ್ಟರು. ಎರಡನೆಯ ಸಲ ಭಟ್ಟರು ಕೂಗಿದಾಗ ಅಶ್ವಿನಿಯೇ ಅವರ ಕೈ ಹಿಡಿದಳಂತೆ. ವರನ ಕಡೆಯವರು ಅವರ ತಲೆಗೆ ಕೇಸರಿ ರುಮಾಲು ಕಟ್ಟಿ ಮಾವನ ಮರ್ಯಾದೆ ಮಾಡಿದ್ದರು. ನನ್ನನ್ನು ಕಂಡವರೇ ಅವರು ತಡಬಡಿಸಿ ಬಂದರು.

"ಇದು ನಿಮ್ಮದು ಮಾರಾಯ್ರೆ. ನಾನು ಸುಮ್ಮನೆ ನಿಮ್ಮ ಜಾಗ ಹಿಡಿದು ನಿಂತದ್ದು, ಬಸ್ಸಿನಲ್ಲಿ ಕರ್ಚೀಪು ಹಾಕಿದ ಹಾಗೆ." ತಮ್ಮ ತಲೆಯಿಂದ ತೆಗೆದು ನನ್ನ ತಲೆಗೆ ಇಟ್ಟರು. ಅವರದು ದೊಡ್ಡ ತಲೆ, ನನ್ನದು ಸಣ್ಣದು. ರುಮಾಲು ಜಾರಿ ಹುಬ್ಬಿನ ಮೇಲೆ ಕುಳಿತಿತು. ಅಶ್ವಿನಿ ನಗುತ್ತ ಬಂದು ಅದನ್ನು ಮೇಲಕ್ಕೆತ್ತಿ ಹಿಡಿದಳು. "ಮಾಮಾ, ತುಮ್ಹೀ ಆಲಾತ್ ನಾ, ಬಸ್," ಅಂದಳು. ನೀವು ಬಂದಿರಲ್ಲ, ಸಾಕು. ಫೋಟೋದವನು ಅದನ್ನೇ ತೆಗೆದ.

ಸಾಕು ಎಂದರೆ ಸಾಕಾಗುತ್ತದೆಯೇ?

ರಾಣೆಬೆನ್ನೂರು

ಮೊನ್ನೆ ಫೋಟೋಗಳು ಬಂದವು. ಅಂತರಪಟದ ಈಚೆ ಅಶ್ವಿನಿ, ಅವಳ ಬೆನ್ನ ಹಿಂದೆ ಕೇಸರಿ ರುಮಾಲಿನ ಶೆಟ್ಟರು, ನೆಟ್ಟಗೆ, ಗಂಭೀರವಾಗಿ. ಮತ್ತೊಂದರಲ್ಲಿ ಹುಬ್ಬಿನವರೆಗೆ ರುಮಾಲು ಇಳಿದ ನಾನು. ಹೋಟೆಲಿನವನ ಮೇಲೆ ಸಿಟ್ಟಿದೆ, ಗುಡ್ಡಕ್ಕೆ ಹಸಿರು ಬಳಿದವನ ಮೇಲೆ ಸಿಟ್ಟಿದೆ, ರಸ್ತೆ ಅಗೆದು ಬಿಟ್ಟವರ ಮೇಲೆ ಸಿಟ್ಟಿದೆ. ಶೆಟ್ಟರ ಮೇಲೂ ಇದೆ. ತಪ್ಪೇ ಮಾಡದವರ ಮೇಲಿನ ಸಿಟ್ಟು ಇಳಿಯುವುದು ಬಹಳ ನಿಧಾನ, ಅದನ್ನು ನೇತುಹಾಕಲು ಎಲ್ಲೂ ಕೊಂಡಿ ಸಿಗುವುದಿಲ್ಲ. ನನ್ನ ಮೇಲೆ ಇರುವುದನ್ನು ಗಿರಿಜಾ ನೋಡಿಕೊಳ್ಳುತ್ತಿದ್ದಾಳೆ.

ನೀವು ಹೋಗುವವರಿದ್ದರೆ ಕೇಳಿ. ನಕ್ಷೆಯಲ್ಲಿ ಬೆರಳಿಟ್ಟು ಅಳೆಯಬೇಡಿ. ಹಸಿರು ಕಂಡರೆ ಅದು ಗುಡ್ಡವೋ ಪಾರ್ಕೋ ಎಂದು ಆ ಊರಿನವರನ್ನು ಕೇಳಿ. ಹೋಟೆಲಿನವನಿಗೆ ಫೋನು ಮಾಡಿ "ಎಷ್ಟು ದೂರ" ಎನ್ನಬೇಡಿ, ಅವನು ಹತ್ತಿರ ಎಂದೇ ಹೇಳುತ್ತಾನೆ. "ಭಾನುವಾರ ಬೆಳಿಗ್ಗೆ ಅಲ್ಲಿಗೆ ನೀನು ಹೇಗೆ ಹೋಗುತ್ತೀ" ಎಂದು ಕೇಳಿ. ಪೂರ್ತಿ ಮುಂಗಡ ಕೊಡಬೇಡಿ. ಮುಂಗಡ ನಿಮ್ಮ ಕಾಲಿಗೆ ನೀವೇ ಕಟ್ಟಿಕೊಂಡ ಹಗ್ಗ, ಒಳ್ಳೆಯ ಜಾಗ ಸಿಕ್ಕಾಗ ಅದು ಎಳೆಯುತ್ತದೆ. ರಿಮೋಟು ಕೋಣೆಯೊಳಗಿದೆಯೇ ಎಂದೂ ಕೇಳಿ. ಯಾರಾದರೂ ಎದುರುಮನೆಯವರು ಕೀಲಿ ಹಿಡಿದು ನಿಂತಿದ್ದರೆ ತೆಗೆದುಕೊಳ್ಳಿ, ಋಣ ತೀರಿಸಲು ಆಯುಷ್ಯವಿದೆ.

ದರ ಕೇಳುವ ಮೊದಲು ನಿಮ್ಮನ್ನೇ ಒಂದು ಮಾತು ಕೇಳಿಕೊಳ್ಳಿ: ನಾನು ಹೊತ್ತಿಗೆ ಮುಟ್ಟದಿದ್ದರೆ ನನ್ನ ಜಾಗದಲ್ಲಿ ಬೇರೆ ಯಾರಾದರೂ ನಿಂತರೆ ನಡೆಯುತ್ತದೆಯೇ? ನಡೆಯುತ್ತದೆ ಎಂದಾದರೆ ಗುಡ್ಡದ ಆಚೆ ಅಗ್ಗದ ಕೋಣೆ ಹಿಡಿಯಿರಿ, ನಾನೇ ಫೋನು ಮಾಡಿ ದರ ಇಳಿಸಿಕೊಡುತ್ತೇನೆ. ನಡೆಯುವುದಿಲ್ಲ ಎಂದಾದರೆ, ಹಾಲಿನ ಎದುರಿನವನು ಕೇಳಿದಷ್ಟು ಎಣಿಸಿಕೊಟ್ಟು, ಕಿಟಕಿ ತೆರೆದಿಟ್ಟು ಮಲಗಿ. ಮೈಕಿನಲ್ಲಿ ಕರೆದರೆ ಕೇಳಿಸಬೇಕು.